ಸ್ಟ್ಯಾಂಡ್‌ಬೈ ಟಿಕೆಟ್ ನಂಬಿ ಡ್ಯೂಟಿಗೆ ಹೊರಡಬಹುದೇ?

ಪ್ರಶ್ನೆ: ಅಕ್ಕಾ, ಶರಣು. ನಾನು ಗಗನಸಖಿ. ಕೆಲಸದ ನೆಲೆ ದೆಹಲಿ, ಮನೆ ಕಲಬುರಗಿಯ ಬ್ರಹ್ಮಪುರ. ಅಪ್ಪನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಅವರನ್ನು ಎತ್ತುವುದು, ಕೂರಿಸುವುದು ಎಲ್ಲ ಅವ್ವನೊಬ್ಬಳ ಮೇಲೆ ಬಿದ್ದಿದೆ. ದೆಹಲಿಯ ಕೋಣೆ ಬಿಟ್ಟು ಮನೆಯಲ್ಲೇ ಇದ್ದು, ಡ್ಯೂಟಿಗೆ ಮಾತ್ರ ಹೋಗಿಬರಬೇಕೆಂದಿದ್ದೇನೆ. ಹೈದರಾಬಾದಿನವರೆಗೆ ರೈಲು, ಅಲ್ಲಿಂದ ನಮ್ಮ ಸಂಸ್ಥೆಯ ಅಥವಾ ನಮ್ಮೊಂದಿಗೆ ಒಪ್ಪಂದವಿರುವ ಬೇರೆ ಸಂಸ್ಥೆಯ ವಿಮಾನದಲ್ಲಿ, ಆಸನ ಉಳಿದರೆ ಮಾತ್ರ ಹತ್ತಿಸುವ ಸ್ಟ್ಯಾಂಡ್‌ಬೈ ಟಿಕೆಟ್. ಇದು ನಡೆಯುತ್ತದೆಯೇ?
— ಹೆಸರು ಬೇಡವೆಂದಿದ್ದಾರೆ, ಕಲಬುರಗಿ

ಉತ್ತರ: ತಂಗಿ, ಮನೆಗೆ ಬರುವುದಕ್ಕೆ ನಡೆಯುತ್ತದೆ. ಡ್ಯೂಟಿಗೆ ಹೋಗುವುದಕ್ಕೆ ಅದೊಂದನ್ನೇ ನಂಬಬೇಡ.

ನಿನ್ನ ಪತ್ರ ಓದಿ ಎರಡು ದಿನ ಉತ್ತರ ಬರೆಯಲಾಗಲಿಲ್ಲ. ಇದೇ ದಾರಿಯಲ್ಲಿ ನಾನು ಆರು ವರ್ಷ ಓಡಾಡಿದ್ದೇನೆ. ನನ್ನ ನೆಲೆಯೂ ದೆಹಲಿ. ಅವ್ವ ಇದ್ದದ್ದು ಶಹಾಬಾದದಲ್ಲಿ. ಆಗ ಹೈದರಾಬಾದಿನ ವಿಮಾನಗಳು ಬೇಗಂಪೇಟೆಯಲ್ಲಿ ಇಳಿಯುತ್ತಿದ್ದವು. ಹತ್ತಿರದ ರೈಲು ನಿಲ್ದಾಣದಲ್ಲಿ ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ಹತ್ತಿದರೆ ತಾಂಡೂರು ದಾಟಿ ಸೇಡಂ ಬರುವಷ್ಟರಲ್ಲಿ ಕಿಟಕಿಯಾಚೆ ತೊಗರಿ ಹೊಲ, ಬೋಗಿಯೊಳಗೆ ನಮ್ಮ ಮಾತು. 2008ರಲ್ಲಿ ವಿಮಾನ ನಿಲ್ದಾಣ ಶಂಷಾಬಾದಿಗೆ ಹೋಯಿತು. ಈಗ ರೈಲಿನಿಂದಿಳಿದು ಊರು ದಾಟುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೊದಲು ಆ ಟಿಕೆಟ್ ಏನೆಂದು ಸರಿಯಾಗಿ ತಿಳಿದುಕೋ. ವಿಮಾನ ಸಂಸ್ಥೆಗಳು ಒಬ್ಬರ ಸಿಬ್ಬಂದಿಯನ್ನು ಇನ್ನೊಬ್ಬರು ಕಡಿಮೆ ದರಕ್ಕೆ ಕರೆದೊಯ್ಯಲು ಮಾಡಿಕೊಂಡ ಒಪ್ಪಂದಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಝೆಡ್ (ZED) ಎಂಬುದು. ದೂರಕ್ಕೆ ತಕ್ಕಂತೆ ವಲಯ ಮಾಡಿ ದರ ಕಟ್ಟಿರುತ್ತಾರೆ. ದೀಪಾವಳಿಗೆ ಮಾರುಕಟ್ಟೆಯ ದರ ಏರಿದರೂ ಇದು ಏರುವುದಿಲ್ಲ. ತೆರಿಗೆ, ನಿಲ್ದಾಣದ ಶುಲ್ಕ ಮಾತ್ರ ಬೇರೆ. ಆದರೆ ಹಣ ಕಟ್ಟಿದರೂ ಆಸನ ನಿನ್ನದಾಗುವುದಿಲ್ಲ. ಪೂರ್ತಿ ದರ ಕೊಟ್ಟವರೆಲ್ಲ ಹತ್ತಬೇಕು, ಆಮೇಲೆ ಆ ಸಂಸ್ಥೆಯ ಸ್ವಂತ ಸಿಬ್ಬಂದಿ ಮತ್ತು ಅವರ ಮನೆಯವರು, ಅವರಾದ ಮೇಲೆ ಪರಸಂಸ್ಥೆಯವರಾದ ನಾವು. ನಿನ್ನೆ ರಾತ್ರಿ ಹತ್ತು ಆಸನ ಖಾಲಿ ಕಂಡಿತೆಂದು ಹೊರಡುತ್ತೀಯ. ಬೆಳಿಗ್ಗೆ ಇನ್ನೊಂದು ವಿಮಾನ ರದ್ದಾಗಿ ಅದರ ಪ್ರಯಾಣಿಕರೆಲ್ಲ ಇದಕ್ಕೇ ಬಂದಿರುತ್ತಾರೆ.

ನನಗೆ ಆದದ್ದು ಅದೇ. ಮೇ ತಿಂಗಳು, ಮದುವೆಯ ದಿನಗಳು. ಮರುದಿನ ನಸುಕಿಗೆ ದೆಹಲಿಯಲ್ಲಿ ಡ್ಯೂಟಿ. ಅವ್ವನಿಗೆ ಜ್ವರವಿತ್ತೆಂದು ಬೆಳಗಿನ ಬದಲು ಮಧ್ಯಾಹ್ನ ಮನೆ ಬಿಟ್ಟೆ. ಸಂಜೆಯ ವಿಮಾನ ತುಂಬಿತ್ತು. ರಾತ್ರಿಯ ಕೊನೆಯ ವಿಮಾನದಲ್ಲಿ ಒಂದೇ ಆಸನ ಉಳಿದಿತ್ತು. ಆ ಸಂಸ್ಥೆಯ ನೆಲಸೇವೆಯ ಹುಡುಗನೊಬ್ಬ ಪಟ್ಟಿಯಲ್ಲಿ ನನಗಿಂತ ಮೇಲಿದ್ದ. ಅವನದೇ ಹಕ್ಕು, ಅವನು ಹೋದ. ನಾನು ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು ಹಿಡಿದು ಕೌಂಟರಿನ ಮುಂದೆ ನಿಂತೇ ಇದ್ದೆ. ಪೂರ್ತಿ ದರ ಕೊಟ್ಟು ಹೋಗೋಣವೆಂದರೂ ಆ ಹೊತ್ತಿಗೆ ಯಾವ ವಿಮಾನವೂ ಇರಲಿಲ್ಲ. ಡ್ಯೂಟಿ ತಪ್ಪಿತು, ಎಚ್ಚರಿಕೆಯ ಪತ್ರ ಬಂತು, ಆ ವರ್ಷದ ಬಡ್ತಿ ಹೋಯಿತು. ಕಾರಣ ಕೇಳಿದ ಅಧಿಕಾರಿ, ನೀವು ಎಲ್ಲಿ ವಾಸಿಸುತ್ತೀರಿ ಎಂಬುದು ನಿಮ್ಮ ಜವಾಬ್ದಾರಿ ಎಂದರು. ಅಂದು ಸಿಟ್ಟು ಬಂದಿತ್ತು. ಆದರೆ ನಿಯಮ ಅವರ ಕಡೆಗಿತ್ತು.

ಅಮೆರಿಕದಲ್ಲಿ ಹೀಗೆ ಬೇರೆ ಊರಿನಿಂದ ಹಾರಿ ಬಂದು ದುಡಿಯುವ ಗಗನಸಖಿಯರು ಬಹಳ ಮಂದಿ. ಅಲ್ಲಿ ಪರಸಂಸ್ಥೆಯ ವಿಮಾನದಲ್ಲೂ ಸಿಬ್ಬಂದಿಯ ಮಡಚುವ ಆಸನ ಸಿಗುವ ಒಪ್ಪಂದಗಳಿವೆ. ಮುಂಚಿತವಾಗಿ ಹೊರಟು, ನಿಗದಿಯಾದಷ್ಟು ವಿಮಾನಗಳಿಗೆ ಪ್ರಯತ್ನಿಸಿಯೂ ಜಾಗ ಸಿಗದಿದ್ದರೆ ಶಿಕ್ಷೆ ಬೇಡ ಎಂಬ ಕಲಮು ಹಲವು ಕಾರ್ಮಿಕ ಒಪ್ಪಂದಗಳಲ್ಲಿದೆ. ಆ ಮಾತು ಕೇಳಿ ಇಲ್ಲಿಯೂ ಹಾಗೆಂದುಕೊಳ್ಳಬೇಡ. ನಿನ್ನ ನೇಮಕಾತಿ ಪತ್ರ ತೆಗೆದು ಓದು. ನಿನ್ನ ಸಂಸ್ಥೆಗೆ ಯಾರ ಜೊತೆ ಒಪ್ಪಂದವಿದೆ, ಅದರಲ್ಲಿ ದೇಶದೊಳಗಿನ ಹಾರಾಟ ಸೇರಿದೆಯೇ, ಯಾವ ದಿನಗಳಲ್ಲಿ ನಿರ್ಬಂಧವಿದೆ ಎಂದು ಕಚೇರಿಯಲ್ಲಿ ಕೇಳಿ ಬರೆದುಕೋ.

ಇನ್ನೊಂದು ಸ್ಟ್ಯಾಂಡ್‌ಬೈ ಕೂಡ ನಿನಗೆ ಗೊತ್ತು: ರೋಸ್ಟರಿನಲ್ಲಿ, ಅಂದರೆ ಡ್ಯೂಟಿ ಪಟ್ಟಿಯಲ್ಲಿ, ಬರುವುದು. ಕರೆದ ಕೂಡಲೇ ನಿಲ್ದಾಣಕ್ಕೆ ಬರಬೇಕಾದ ಆ ದಿನಗಳನ್ನು ಕಲಬುರಗಿಯಲ್ಲಿ ಕಳೆಯಲಾಗದು. ಆದ್ದರಿಂದ ದೆಹಲಿಯ ಕೋಣೆಯನ್ನು ಪೂರ್ತಿ ಬಿಡಬೇಡ. ಮೂರ್ನಾಲ್ಕು ಸಹೋದ್ಯೋಗಿಗಳ ಜೊತೆ ಹಂಚಿಕೋ, ಒಂದು ಮಂಚ ಸಾಕು. ಡ್ಯೂಟಿಯ ಹಿಂದಿನ ದಿನ, ನಿನ್ನ ವಿಮಾನ ತಪ್ಪಿದರೂ ಹಿಂದೆ ಇನ್ನೂ ಎರಡು ವಿಮಾನಗಳಿರುವ ಹೊತ್ತಿಗೆ ಶಂಷಾಬಾದಿನಲ್ಲಿರು. ಅಷ್ಟಾಗಿಯೂ ಜಾಗ ಸಿಗದಿದ್ದರೆ ಪೂರ್ತಿ ದರದ ಟಿಕೆಟಿಗೆ ಬೇಕಾದ ಹಣ ಖಾತೆಯಲ್ಲಿ ಮುಟ್ಟದೆ ಇಟ್ಟಿರು. ರಾತ್ರಿಯಿಡೀ ರೈಲಿನಲ್ಲಿ ಕೂತು ನೇರ ಕೆಲಸಕ್ಕೆ ಮಾತ್ರ ಹೋಗಬೇಡ. ತುರ್ತಿನಲ್ಲಿ ಬಾಗಿಲುಗಳಲ್ಲಿ ಅರ್ಧದಷ್ಟೇ ತೆರೆದರೂ 90 ಸೆಕೆಂಡಿನಲ್ಲಿ ವಿಮಾನ ಖಾಲಿಯಾಗಬೇಕೆಂಬ ಪರೀಕ್ಷೆ ಪಾಸಾದ ವಿಮಾನದಲ್ಲಿ ನೀನು ದುಡಿಯುತ್ತೀಯ. ಆ ಬಾಗಿಲ ಬಳಿ ನಿಂತವಳು ತೂಕಡಿಸಬಾರದು.

ನಮ್ಮೂರಲ್ಲೇ ವಿಮಾನ ನಿಲ್ದಾಣವಿದೆಯಲ್ಲ ಎಂದು ಯಾರಾದರೂ ಹೇಳಿಯಾರು. 2019ರ ನವೆಂಬರ್ 22ರಂದು ಅದು ಆರಂಭವಾದಾಗ ನಾನೂ ಸೇಡಂ ರಸ್ತೆಯಲ್ಲಿ ನಿಂತು ಕಣ್ಣೊರೆಸಿಕೊಂಡವಳೇ. ಆದರೆ ಇಲ್ಲಿಂದ ಹಾರುತ್ತಿದ್ದದ್ದು ಸಣ್ಣ ವಿಮಾನ, ಹಾರಾಟವೂ ಬೆರಳೆಣಿಕೆಯಷ್ಟೇ ಇತ್ತು. ಅದನ್ನು ನಂಬಿ ನೌಕರಿ ಕಟ್ಟಿಕೊಳ್ಳಬೇಡ.

ನೆಲೆಯನ್ನು ಹೈದರಾಬಾದಿಗೆ ಬದಲಿಸಿಕೊಡಿ ಎಂದು ಇಂದೇ ಅರ್ಜಿ ಬರೆ. ಅಪ್ಪನ ವೈದ್ಯಕೀಯ ಕಾಗದಗಳನ್ನು ಲಗತ್ತಿಸು. ಕೋಣೆ ಹಂಚಿಕೊಂಡರೆ ಉಳಿಯುವ ಬಾಡಿಗೆಯಲ್ಲಿ ಬೆಳಿಗ್ಗೆ, ಸಂಜೆ ಅಪ್ಪನನ್ನು ಎತ್ತಿ ಕೂರಿಸಲು ಒಬ್ಬ ಆಳನ್ನು ಗೊತ್ತುಮಾಡು. ಅವ್ವನ ಸೊಂಟ ಉಳಿಯುವುದು ಮುಖ್ಯ.

ಪ್ರಶ್ನೆ: ಮಗಳು ವಿಮಾನ ಸಂಸ್ಥೆ ಸೇರಿದ್ದಾಳೆ. ಅವಳ ಸೌಲಭ್ಯದಲ್ಲಿ ನಾವು ನಾಲ್ವರು ಅಣ್ಣನ ಮಗನ ಮದುವೆಗೆ ಪುಣೆಗೆ ಹೋಗಬಹುದೇ?
— ಒಬ್ಬ ತಂದೆ, ಬೀದರ್

ಉತ್ತರ: ಹಿರಿಯರೇ, ಮದುವೆಗೆ ಬೇಡ. ನಾಲ್ಕು ಆಸನ ಒಟ್ಟಿಗೆ ಉಳಿಯುವುದು ಕಷ್ಟ, ಮುಹೂರ್ತ ನಿಮಗಾಗಿ ಕಾಯುವುದಿಲ್ಲ. ಅಲ್ಲದೆ ಸೌಲಭ್ಯ ತಂದೆ ತಾಯಿಗೆ ಇದ್ದರೂ ಉಳಿದಿಬ್ಬರಿಗೆ ಇದೆಯೇ ಎಂದು ಮಗಳನ್ನೇ ಕೇಳಿ. ಅರ್ಹರಲ್ಲದವರ ಹೆಸರು ಸೇರಿಸಿದರೆ ಕೆಲಸ ಹೋಗುವುದು ಅವಳದು. ಮದುವೆಗೆ ರೈಲಿನಲ್ಲಿ ಹೋಗಿ. ಆಮೇಲೆ ಯಾವುದಾದರೂ ಸಾಮಾನ್ಯ ಬುಧವಾರ ನೀವು ದಂಪತಿ ಇಬ್ಬರೇ ಹೈದರಾಬಾದಿನಿಂದ ಹೊರಡಿ. ಜಾಗ ಸಿಗದಿದ್ದರೆ ಸಂಜೆಯ ಬಸ್ಸಿಗೆ ಬೀದರಿಗೆ ಮರಳಬಹುದು.