ಹೆಣ್ಣುಮಕ್ಕಳು ಬರದದ್ದರಿಂದ ಸಮಾಜದಾಗ ಖರೇನ ಏನರ ಬದಲಾಗೇತೇನು?

ನೀವು ಕೇಳಿದ್ದು, ಹಿಂದಿನ ಕಾಲದಾಗ ಬರದ ಹೆಣ್ಣುಮಕ್ಕಳು ಯಾರ್‍ಯಾರು, ಅವರ ಬರಹದಿಂದ ಸಮಾಜದ ಮ್ಯಾಲೆ ಖರೇನ ಪರಿಣಾಮ ಆತಾ ಇಲ್ಲಾ ಅವು ಬರೇ ಪರೀಕ್ಷಾಕ್ಕ ಬಾಯಿಪಾಠ ಮಾಡೋ ಹೆಸರಾ ಅಂತ. ನಾನು ವಿಜಾಪುರ ಜಿಲ್ಲಾ ಇಂಡಿ ಕಡೆಯಾಕಿ, ಕನ್ನಡ ಎಂಎ ಏನೂ ಮಾಡಿಲ್ಲ, ಬಿಕಾಂ ಮಾಡಿ ಲೆಕ್ಕ ಬರಿಯೋ ಕೆಲಸ ಮಾಡ್ತೀನಿ. ಆದರ ಈ ಪ್ರಶ್ನೆಗೆ ನಮ್ಮ ಮನ್ಯಾಗ ಒಂದು ಉತ್ತರ ಐತಿ, ಮೊದಲ ಅದನ್ನ ಹೇಳ್ತೀನಿ.

ನಾ ಆರನೇತ್ತ ಇದ್ದಾಗಿನ ಮಾತು. ನಮ್ಮಪ್ಪ ಒಂದು ಅಡತಿ ಅಂಗಡ್ಯಾಗ ತೂಕ ಮಾಡ್ತಿದ್ದ. ಚೀಲದಿಂದ ಚೆಲ್ಲಿದ ಜ್ವಾಳ ಬಳಕೊಂಡು ಮನಿಗೆ ಒಯ್ಯಾಕ ಆಳುಗಳಿಗೆ ಬಿಡ್ತಿದ್ರು, ದಿನಾ ಒಂದು ಸೇರು ಎರಡು ಸೇರು ಬರ್ತಿತ್ತು. ಒಂದಿನ ಸಂಜಿಮುಂದ ಅರ್ಧ ಚೀಲ ಸೈಕಲ್ ಮ್ಯಾಲೆ ಹೇರಕೊಂಡು ಬಂದ. ಅವ್ವ ರೊಟ್ಟಿ ಬಡೀಲಿಕ್ಕತ್ತಿದ್ಲು, ಕೈ ನಿಂದರಿಸಿ ಚೀಲ ನೋಡಿದ್ಲು. ಇದು ಚೆಲ್ಲಿದ್ದಲ್ಲ ಅಂದ್ಲು. ಅಪ್ಪ ಮಾತಾಡಲಿಲ್ಲ. ರೈತರ ತೂಕದಾಗ ಹೊಡದದ್ದು, ಮಾಲಕ ಅದರಾಗ ಇವಗೊಂದು ಪಾಲು ಕೊಟ್ಟಿದ್ದ, ಅದು ನಮಗ ಆಮ್ಯಾಲೆ ಗೊತ್ತಾತು. ಅವ್ವ ಜಗಳ ಮಾಡಲಿಲ್ಲ, ಒದರಲಿಲ್ಲ, ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕ್ಕೋತ "ಈಸಕ್ಕಿಯಾಸೆ ನಿಮಗೇಕೆ, ಈಶ್ವರನೊಪ್ಪ" ಅಂದ್ಲು, ಅಷ್ಟ. ಅಪ್ಪ ಅಂವತ್ತು ರಾತ್ರಿ ಉಣ್ಣಲಿಲ್ಲ. ಮರುದಿನ ನಸಕಿನ್ಯಾಗ ಎದ್ದು ಚೀಲ ವಾಪಸ್ ಒಯ್ದ. ಒಂದು ತಿಂಗಳದಾಗ ಆ ಅಂಗಡಿ ಕೆಲಸನೂ ಹೋತು.

ಆ ಮಾತು ಅವ್ವಂದಲ್ಲರಿ, ವಚನ ಬರದ ಆಯ್ದಕ್ಕಿ ಲಕ್ಕಮ್ಮಂದು, 12ನೇ ಶತಮಾನದ್ದು. ಇಷ್ಟು ಅಕ್ಕಿ ಆಸೆ ನಿಮಗ್ಯಾಕ, ಈಶ್ವರ ಒಪ್ಪಂಗಿಲ್ಲ ಅಂತ ಅರ್ಥ. ಆಕಿ ಗಂಡ ಮಾರಯ್ಯ ಕಲ್ಯಾಣದಾಗ ಬಸವಣ್ಣನ ಮನಿ ಅಂಗಳದಾಗ ಬಿದ್ದ ಅಕ್ಕಿ ಆಯ್ಕೊಂಡು ಬರೋ ಕಾಯಕ ಮಾಡ್ತಿದ್ದ, ಒಂದಿನ ದಿನದಕಿಂತ ಹೆಚ್ಚಿಗಿ ತಂದ. ಆಸೆ ಅನ್ನೋದು ಅರಸಗ ಇರ್ತೈತಿ, ಶಿವಭಕ್ತರಿಗೆ ಇರ್ತೈತೇನು ಅಂತ ಕೇಳಿ, ಹೋಗಿ ಅಲ್ಲೇ ಸುರುವಿ ಬರ್ರಿ ಅಂದಳು. ಗಂಡಗ ಎದುರು ನಿಂತು ಹೇಳೋ ಮಾತು, ಅದೂ ಅಕ್ಕಿ ವಿಷಯಕ್ಕ! ಅಕ್ಕಿ ತೀರಿದ್ರ ಉಪವಾಸ ಬೀಳಾಕಿ ಆಕಿನ ಅಲ್ಲೇನು.

ನಮ್ಮವ್ವ ಓದಿದ್ದು ನಾಕನೇತ್ತ. ಈ ವಚನ ಆಕಿಗೆ ಸಿಕ್ಕದ್ದು ಶ್ರಾವಣದಾಗ ಮಠದಾಗ ನಡಿಯೋ ಪುರಾಣದೊಳಗ. ಆ ಪುರಾಣ ಹೇಳೋ ಸ್ವಾಮಿಗಳಿಗೆ ಎಲ್ಲಿಂದ ಬಂತು? ಪುಸ್ತಕದಿಂದ. ಆ ಪುಸ್ತಕ ಆದದ್ದು ನಮ್ಮ ವಿಜಾಪುರದ ವಕೀಲ ಫ.ಗು. ಹಳಕಟ್ಟಿಯವರು ಊರೂರು ತಿರುಗಿ, ಜಗಲಿ ಮ್ಯಾಲೆ ಪೂಜಾಕ್ಕ ಇಟ್ಟಿದ್ದ ತಾಡೋಲೆ ಬಿಚ್ಚಿಸಿ ಓದಿ ಬರಕೊಂಡದ್ದರಿಂದ. 1923ರಾಗ ವಚನಶಾಸ್ತ್ರಸಾರದ ಮೊದಲನೇ ಭಾಗ ಬೆಳಗಾವಿಯೊಳಗ ಅಚ್ಚಾತು, 1925ರಾಗ ಅವರು ವಿಜಾಪುರದಾಗ ಸ್ವಂತ ಹಿತಚಿಂತಕ ಪ್ರೆಸ್ ಹಾಕಿದ್ರು, ಮರುವರ್ಷ ಶಿವಾನುಭವ ಪತ್ರಿಕೆ ಶುರು ಮಾಡಿದ್ರು. ಹಿಂಗ ಸುತ್ತಿ ಸುತ್ತಿ ಒಬ್ಬ ಬಡವರ ಮನಿ ಹೆಣ್ಣುಮಗಳ ಮಾತು ಎಂಟು ನೂರು ವರ್ಷದ ಮ್ಯಾಲೆ ನಮ್ಮ ಒಲಿ ಮುಂದ ಬಂದು, ಚೀಲ ವಾಪಸ್ ಕಳಸ್ತು. ಪರಿಣಾಮ ಅಂದ್ರ ಕಾಯ್ದೆ ಬದಲಾಗೋದು, ಚಳುವಳಿ ಆಗೋದು ಅಂತ ಅಷ್ಟ ಲೆಕ್ಕ ಹಿಡದ್ರ ಇದು ಕಾಣಂಗಿಲ್ಲ.

ಮಹಿಳಾ ಸಾಹಿತ್ಯ ಅಂದ್ಕೂಡ್ಲೇ ಎಲ್ಲಾರೂ ಅಕ್ಕಮಹಾದೇವಿ ಹೆಸರು ಹೇಳಿ ಮುಗಸ್ತಾರ. ಅಕ್ಕ ದೊಡ್ಡಾಕಿ, ಅದರಾಗ ಎರಡು ಮಾತಿಲ್ಲ, ವಿಜಾಪುರದ ಮಹಿಳಾ ವಿಶ್ವವಿದ್ಯಾಲಯಕ್ಕ ಆಕಿ ಹೆಸರು ಇಟ್ಟದ್ದು ನನಗ ಹೆಮ್ಮಿನೂ ಐತಿ. ಆದರ ಆ ಕಾಲದಾಗ ವಚನ ಬರದ ಹೆಣ್ಣುಮಕ್ಕಳು ಮೂವತ್ತಕ್ಕೂ ಹೆಚ್ಚು ಮಂದಿ. ಸೂಳೆ ಸಂಕವ್ವಂದು ಒಂದೇ ಒಂದು ವಚನ ಉಳದೈತಿ, ತನ್ನ ಕಸುಬಿನ ಮಾತಿನ್ಯಾಗನ, ಒಂದು ಒತ್ತೆ (ಗಿರಾಕಿ ಕೊಡೋ ಮುಂಗಡ) ಹಿಡದು ಮತ್ತೊಂದು ಒತ್ತೆ ಹಿಡಿಯಂಗಿಲ್ಲ ಅಂತ ನಿಷ್ಠೆಯ ಮಾತು ಹೇಳ್ತಾಳ, ಆಕಿ ದೇವರ ಹೆಸರು ನಿರ್ಲಜ್ಜೇಶ್ವರ. ಗೊಗ್ಗವ್ವ ಅನ್ನಾಕಿ, ಮೊಲೆ ಮುಡಿ ಬಂದ್ರ ಹೆಣ್ಣಂತಾರ, ಮೀಸೆ ಕಾಸೆ ಬಂದ್ರ ಗಂಡಂತಾರ, ಈ ಎರಡರೊಳಗಿನ ಜ್ಞಾನ ಹೆಣ್ಣೋ ಗಂಡೋ ಅಂತ ಕೇಳಿಬಿಟ್ಟಾಳ. ಇದಕ್ಕ ಇನ್ನೂ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ ಅನಸ್ತೈತಿ ನನಗ.

ಬೆಳಗಾವಿಗೆ ಹೋಗೋ ಹೈವೇದಾಗ ಎಂ.ಕೆ. ಹುಬ್ಬಳ್ಳಿ ಬಂದಾಗ ಮಲಪ್ರಭಾ ಹೊಳಿಯೊಳಗ ಗಂಗಾಂಬಿಕೆ ಐಕ್ಯ ಮಂಟಪ ಕಾಣ್ತೈತಿ, ಬಸ್ಸಿನ್ಯಾಗಿದ್ದವರು ಕೈ ಮುಗೀತಾರ. ನಮ್ಮ ಜಿಲ್ಲಾದ ಮುದ್ದೇಬಿಹಾಳ ಕಡೆ ಕೃಷ್ಣಾ ದಂಡಿಮ್ಯಾಲೆ ತಂಗಡಗಿಯೊಳಗ ನೀಲಾಂಬಿಕೆ ಐಕ್ಯ ಸ್ಥಳ. ಕೇಳಿದ್ರ ಎಲ್ಲಾರೂ ಹೇಳೋದು ಬಸವಣ್ಣನ ಹೆಂಡಂದ್ರು ಅಂತ ಅಷ್ಟ. ಇಬ್ಬರೂ ವಚನ ಬರದಾರ ಅನ್ನೋದು ಎಷ್ಟು ಮಂದಿಗೆ ಗೊತ್ತೈತಿ? ನನಗ ಇದು ಭಾಳ ಸಂಕಟ ಆಗೋ ಮಾತು.

ಅದಕ್ಕೂ ಹಿಂದ ಹೋಗೋದಿದ್ರ ಬಾದಾಮಿಗೆ ಹೋಗಬೇಕು. ಇಮ್ಮಡಿ ಪುಲಿಕೇಶಿ ಮಗ ಚಂದ್ರಾದಿತ್ಯನ ಹೆಂಡತಿ ವಿಜಯಭಟ್ಟಾರಿಕೆ, ಆಕಿನ ಸಂಸ್ಕೃತದ ಕವಿ ವಿಜ್ಜಿಕೆ ಅಂತ ಭಾಳ ವಿದ್ವಾಂಸರು ಹೇಳ್ತಾರ. ಸಂಸ್ಕೃತದ ಪಂಡಿತ ದಂಡಿ ಅನ್ನಾಂವ ತನ್ನ ಕಾವ್ಯಾದರ್ಶ ಅನ್ನೋ ಗ್ರಂಥದಾಗ ಸರಸ್ವತಿ ಪೂರ್ತಿ ಬಿಳುಪು ಅಂತ ಹೊಗಳಿದ್ದ. ಅದಕ್ಕ ಈಕಿ ಒಂದು ಶ್ಲೋಕದಾಗ, ಕನ್ನೈದಿಲೆ ಎಸಳಿನಂಗ ಕಪ್ಪಗಿರೋ ನನ್ನ ನೋಡದ ದಂಡಿ ಸುಮ್ನ ಹಂಗ ಹೇಳ್ಯಾನ ಅಂದ್ಲು. ನಾವು ಕಪ್ಪಗಿರೋ ಹುಡುಗ್ಯಾರು ವರ ನೋಡಾಕ ಬಂದಾಗ ತಲಿ ತಗ್ಗಿಸಿ ಕುಂದರೋದು ಇನ್ನೂ ತಪ್ಪಿಲ್ಲರಿ, ಬಾದಾಮಿ ಟ್ರಿಪ್ಪಿಗೆ ಸಾಲಿ ಮಕ್ಕಳನ್ನ ಕರಕೊಂಡು ಹೋದವರು ಗುಹಾ ತೋರ್ಸೋದರ ಜೋಡಿ ಈ ಒಂದು ಶ್ಲೋಕನೂ ಹೇಳಬೇಕು.

ಇತ್ತಿತ್ಲಾಗ ಬಂದ್ರ, ಕನ್ನಡ ಸಾಹಿತ್ಯ ಸಮ್ಮೇಳನ 1915ರಾಗ ಶುರು ಆತು, ಹೆಣ್ಣುಮಗಳು ಅಧ್ಯಕ್ಷಿ ಆಗಾಕ 1974ರ ಮಂಡ್ಯ ಸಮ್ಮೇಳನ ಬರಬೇಕಾತು, ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ. ಎರಡನೇದಾಕಿ ಶಾಂತಾದೇವಿ ಮಾಳವಾಡ, 2000ದಾಗ, ನಮ್ಮ ಬಾಗಲಕೋಟ್ಯಾಗ. 85 ವರ್ಷದಾಗ ಇಬ್ಬರು.

ಇವರೆಲ್ಲಾ ಹೆಸರು ಇದ್ದವರು, ಹೆಸರಿಲ್ಲದವರೂ ಅದಾರ. 1931ರಾಗ ಗರತಿಯ ಹಾಡು ಅನ್ನೋ ಪುಸ್ತಕ ಬಂತು, ಚಡಚಣ ಹತ್ತಿರದ ಹಲಸಂಗಿಯ ಗೆಳೆಯರು, ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು ಕೂಡಿ ಹಳ್ಳಿ ಹೆಣ್ಣುಮಕ್ಕಳು ಬೀಸಾಗ ಕುಟ್ಟಾಗ ಹಾಡೋ ತ್ರಿಪದಿ ಬರಕೊಂಡು ಮಾಡಿದ್ದು. ಆ ಗೆಳೆಯರ ಉಪಕಾರ ನಾವು ತೀರಸಾಕ ಆಗಂಗಿಲ್ಲ. ಕಟ್ಟಿದಾಕಿ ಹೆಸರು ಮಾತ್ರ ಯಾವ ಹಾಡಿಗೂ ಇಲ್ಲ. "ಹೆಣ್ಣಿನ ಜನುಮಕ್ಕ ಅಣ್ಣತಮ್ಮರು ಬೇಕು, ಬೆನ್ನು ಕಟ್ಟುವರು ಸಭೆಯೊಳಗ" ಅಂತ ಹಾಡ್ತಾರ ನಮ್ಮ ಕಡೆ. ಪಂಚರ ಮುಂದ ತನ್ನ ಪರವಾಗಿ ಮಾತಾಡೋರು ಯಾರೂ ಇಲ್ಲ ಅನ್ನೋ ಅಂಜಿಕಿ ಇದ್ದಾಕಿನ ಇದನ್ನ ಕಟ್ಟಬೇಕು, ಸುಮ್ನ ಬರೂದಲ್ಲ ಈ ಮಾತು.

ನಮ್ಮ ಆಯಿಗೆ, ಅಂದ್ರ ಅಜ್ಜಿಗೆ, ಇಂಥವು ಭಾಳ ಬರ್ತಾವ. ಹೋದ ವರ್ಷ ನೋಟ್‌ಬುಕ್ ಹಿಡಕೊಂಡು ಕುಂತೆ, ಹಾಡ ಆಯಿ ಅಂದೆ, ನಾಕು ಹಾಡಿ ನಿಂತ್ಲು, ಮುಂದ ನೆನಪಾಗವಲ್ದು ಅಂದ್ಲು. ಗಿರಣಿ ಬಂದ ಮ್ಯಾಲೆ ಬೀಸುಕಲ್ಲು ಹಿತ್ತಲದಾಗ ಬಿದ್ದಿತ್ತು, ನಾನು ನನ್ನ ತಮ್ಮ ಕೂಡಿ ತೊಳದು ಒಳಗ ತಂದು ಗೂಟ ಬಡದು ಕೊಟ್ವಿ. ಕಾಲು ಚಾಚಿ ಕುಂತು ಒಂದು ಹಿಡಿ ಜ್ವಾಳ ಹಾಕಿ ಎರಡು ಸುತ್ತು ತಿರುವಿದ್ಲು ನೋಡ್ರಿ, ತಾನಾಗೇ ಬಂತು ದನಿ, ಎರಡನೇ ಸಾಲಿನ ತುದಿಗೆ ಬಂದು ಅದನ್ನ ಮತ್ತೊಮ್ಮಿ ಎಳದು ಹಾಡ್ತಾಳ, ಅಷ್ಟೊತ್ತಿಗೆ ಕಲ್ಲು ಒಂದು ಸುತ್ತು ಮುಗಸ್ತೈತಿ. ನನಗ ಬರಕೊಳ್ಳಾಕ ಕೈ ಸಾಲಲಿಲ್ಲ, ಮೊಬೈಲ್‌ನ್ಯಾಗ ರೆಕಾರ್ಡ್ ಮಾಡಿದೆ. ಕಲ್ಲು ನಿಂತ್ರ ಹಾಡೂ ನಿಲ್ತೈತಿ. ಅರವತ್ತೆರಡು ಆಗ್ಯಾವ, ಇನ್ನೂ ಅದಾವ ಅಂತಾಳ, ನೋಟ್‌ಬುಕ್‌ನ ಮೊದಲನೇ ಹಾಳಿ ಮ್ಯಾಲೆ ಆಕಿ ಹೆಸರೂ ಆಕಿ ತವರೂರ ಹೆಸರೂ ಬರದು ಇಟ್ಟೀನಿ. ದೀಪಾವಳಿಗೆ ಊರಿಗೆ ಹೋದಾಗ ಉಳದದ್ದು ಬರಕೋಬೇಕು, ಆಯಿಗೆ ಈಗ ರಟ್ಟಿ ನೋವು, ಅದಕ್ಕ ಗೂಟದ ಇನ್ನೊಂದು ಕಡೆ ನಾ ಹಿಡೀತೀನಿ ಅಂದೀನಿ.