ಪುಸ್ತಕ ತರಿಸುವ ಮೊದಲು ಮನೆ ಎಣಿಸಿ

ನಮ್ಮ ಈ ಪದಬಂಧದ ಗುಂಪಿನಲ್ಲಿ ಹೊಸನಗರದ ತಂಗಿ ಬೆಳಿಗ್ಗೆ ಕೇಳಿದ ಪ್ರಶ್ನೆಗೆ ಇದು ಉತ್ತರ. ಸ್ವಲ್ಪ ಉದ್ದ ಆಗಿದೆ. ಇಲ್ಲಿ ಮಳೆ ಹಿಡಿದುಕೊಂಡಿದೆ, ಹೊರಗೆ ಹೋಗಿ ಮಾಡುವ ಕೆಲಸ ಏನೂ ಇಲ್ಲ, ಅದಕ್ಕೇ ಕೂತು ಬರೆದೆ.

ನೀವು ಕೇಳಿದ್ದು ಇಷ್ಟು. ಮಗ ಒಂದನೇ ಕ್ಲಾಸು. ವರ್ಣಮಾಲೆ ಒಂದೇ ಉಸಿರಿಗೆ ಒಪ್ಪಿಸುತ್ತಾನೆ, ಬರೆಯುತ್ತಾನೆ. ‘ಮರ’ ಅಂತ ಬರೆದು ತೋರಿಸಿದರೆ ಮಾತ್ರ ನಿಮ್ಮ ಮುಖ ನೋಡುತ್ತಾನೆ. ನೀವು ಪೇಪರಿನ ಪದಬಂಧ ಬಿಡಿಸುವಾಗ ಪಕ್ಕಕ್ಕೆ ಬಂದು ಕೂರುತ್ತಾನೆ, ತನಗೂ ಒಂದು ಬೇಕು ಅನ್ನುತ್ತಾನೆ. ಮಕ್ಕಳ ಪದಬಂಧದ ಪುಸ್ತಕ ಯಾವುದು ತರಿಸಲಿ?

ಸದ್ಯಕ್ಕೆ ಯಾವುದೂ ಬೇಡ. ನಾನು ತೀರ್ಥಹಳ್ಳಿ ತಾಲ್ಲೂಕಿನಲ್ಲಿ 28 ವರ್ಷ ಒಂದರಿಂದ ಮೂರನೇ ಕ್ಲಾಸಿನವರೆಗೆ ಪಾಠ ಮಾಡಿದವಳು. ಪದಬಂಧದ ಹುಚ್ಚು ಅದಕ್ಕಿಂತ ಹಳೆಯದು. ಎರಡನ್ನೂ ಸೇರಿಸಿ ಹೇಳುತ್ತೇನೆ: ಪದಬಂಧದಿಂದ ಓದು ಖಂಡಿತ ಬರುತ್ತದೆ. ಆದರೆ ಕಲಿಸುವುದು ಸುಳಿವು ಅಲ್ಲ, ಅಕ್ಷರ ತುಂಬುವ ಆ ಚೌಕದ ಮನೆ.

ಮಗನನ್ನು ಕೂರಿಸಿಕೊಂಡು ‘ಅಪ್ಪ’ ಅಂತ ಹೇಳಿಸಿ, ಬಿಡಿಸಿ ಚಪ್ಪಾಳೆ ತಟ್ಟಲು ಹೇಳಿ. ‘ಅಪ್’ಗೆ ಒಂದು, ‘ಪ’ಗೆ ಒಂದು ತಟ್ಟುತ್ತಾನೆ. ಎಲ್ಲ ಮಕ್ಕಳೂ ಹೀಗೇ. ಬಾಯಿಗೆ ಅದು ಸರಿಯೇ. ಈಗ ಎರಡು ಮನೆ ಬರೆದು ಅದೇ ‘ಅಪ್ಪ’ನನ್ನು ಕೂರಿಸಿ. ಮೊದಲ ಮನೆಯಲ್ಲಿ ಬರೀ ‘ಅ’. ಎರಡನೆಯದರಲ್ಲಿ ‘ಪ್ಪ’. ಬಾಯಿ ಒಂದು ಕಡೆ ಮುರಿಯುತ್ತದೆ, ಬರವಣಿಗೆ ಇನ್ನೊಂದು ಕಡೆ ಮುರಿಯುತ್ತದೆ. ‘ಶಿವಮೊಗ್ಗ’ ಬಾಯಲ್ಲಿ ಶಿ-ವ-ಮೊಗ್-ಗ, ಮನೆಯಲ್ಲಿ ಶಿ-ವ-ಮೊ-ಗ್ಗ. ಒತ್ತಕ್ಷರ ಬಂದಾಗ ಮಕ್ಕಳು ಎಡವುವುದಕ್ಕೆ ಇದೊಂದು ದೊಡ್ಡ ಕಾರಣ. ಒತ್ತು ಬಿಟ್ಟು ‘ಶಿವಮೊಗ’ ಬರೆಯುವ ಹುಡುಗ ದಡ್ಡನಲ್ಲ. ಗ್ ಅನ್ನು ಮೊ ಜೊತೆಗೇ ಹೇಳಿ ಮುಗಿಸಿರುತ್ತಾನೆ, ಅಷ್ಟೇ. ಪದಬಂಧದ ಮನೆ ಇದನ್ನು ಬೈಗುಳ ಇಲ್ಲದೆ ತಿದ್ದುತ್ತದೆ.

ಇದು ನಮ್ಮಂಥ ಭಾಷೆಗಳ ಪದಬಂಧಕ್ಕೆ ಸಿಕ್ಕಿದ ಅನುಕೂಲ. ಪದಬಂಧ ಹುಟ್ಟಿದ್ದು 1913ರಲ್ಲಿ, ನ್ಯೂಯಾರ್ಕಿನ ಒಂದು ಪತ್ರಿಕೆಯಲ್ಲಿ. ಅಲ್ಲಿ ಒಂದು ಮನೆಗೆ ಒಂದೇ ಅಕ್ಷರ, ಅಪ್ಪನನ್ನು ಇಂಗ್ಲಿಷಿನಲ್ಲಿ ಬರೆದರೆ ನಾಲ್ಕು ಮನೆ ಬೇಕು. ನಮ್ಮಲ್ಲಿ ಗುಣಿತ, ಒತ್ತು, ಸೊನ್ನೆ ಎಲ್ಲ ಒಂದೇ ಮನೆಯಲ್ಲಿ ಸಂಸಾರ ಮಾಡುತ್ತವೆ.

ಹಾಗಾಗಿ ಮೊದಲ ಎರಡು ವಾರ ಪೆನ್ಸಿಲ್ ಮುಟ್ಟಬೇಡಿ. ಬರೀ ಮನೆ ಎಣಿಸುವ ಆಟ. ಅಂಗಳದಲ್ಲಿ ಚೌಕಾಬಾರಕ್ಕೆ ಬರೆದ ಹಾಗೆ ಇದ್ದಿಲ ಮಸಿಯಿಂದ ಐದು ಮನೆ ಬರೆಯಿರಿ, ಮಳೆಯಾದರೆ ಜಗುಲಿಯ ಮೇಲೆ. ನೀವು ಪದ ಹೇಳಬೇಕು, ಅವನು ಅಕ್ಷರಕ್ಕೊಂದು ಮನೆ ಕುಪ್ಪಳಿಸಬೇಕು. ಅಡಿಕೆ, ಮೂರು. ಆಗುಂಬೆ, ಮೂರು. ಹೊಸನಗರ, ಪೂರಾ ಐದು. ನಿಮ್ಮ ಊರು ನಮ್ಮ ತೀರ್ಥಹಳ್ಳಿಗಿಂತ ಒಂದು ಮನೆ ದೊಡ್ಡದು ಅಂತ ಅವನಿಗೆ ಹೇಳಿ, ಖುಷಿಪಡುತ್ತಾನೆ. ಒತ್ತು ಇಲ್ಲದ ಪದಗಳೇ ಇರಲಿ ಮೊದಲು. ಅಪ್ಪ, ಅಕ್ಕ ಎಲ್ಲ ಎರಡನೇ ವಾರಕ್ಕೆ.

ಈಗ ಅಕ್ಷರಕ್ಕೆ ಬರೋಣ. ನಿಮ್ಮ ಮಗನಿಗೆ ಅಕ್ಷರ ಗೊತ್ತು, ಆದರೆ ಸಾಲಿನಲ್ಲಿ ಮಾತ್ರ ಗೊತ್ತು. ಮಗ್ಗಿ ಒಪ್ಪಿಸುವವನನ್ನು ನಡುವಿನಿಂದ ಕೇಳಿದರೆ ಮತ್ತೆ ಒಂದರಿಂದ ಶುರು ಮಾಡುತ್ತಾನಲ್ಲ, ಹಾಗೆ. ವರ್ಣಮಾಲೆಯಲ್ಲಿ 49 ಅಕ್ಷರ. 34 ವ್ಯಂಜನಕ್ಕೆ ತಲಾ 15 ಗುಣಿತ ಅಂದರೆ 510. ಒತ್ತು ಬೇರೆ. ಇಷ್ಟೆಲ್ಲ ಮುಗಿಸಿ ಆಮೇಲೆ ಓದು ಅಂದರೆ ಮಗು ಕಾಯುವುದಿಲ್ಲ. ಸರ್ಕಾರಿ ಶಾಲೆಯ ‘ನಲಿಕಲಿ’ ಪದ್ಧತಿಯಲ್ಲಿ ಅದಕ್ಕೇ ಆ ಸಾಲು ಬಿಟ್ಟು ‘ರ ಗ ಸ ದ ಅ’ ಅಂತ ಶುರು ಮಾಡುತ್ತಿದ್ದೆವು. ಐದೇ ಅಕ್ಷರ. ಅಷ್ಟರಲ್ಲೇ ಸರ, ರಸ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಆಮೇಲೆ ‘ಜ ವ ಮ ಬ ನ’.

ಈ ಹತ್ತು ಅಕ್ಷರದ ಬಿಲ್ಲೆ ಮಾಡಿಕೊಳ್ಳಿ. ಹಳೆ ಲಗ್ನಪತ್ರಿಕೆಗಳಿರುತ್ತವಲ್ಲ, ಅದರ ರಟ್ಟು ಬಹಳ ಒಳ್ಳೆಯದು. ಎರಡು ಬೆರಳಗಲದ ಚೌಕ ಕತ್ತರಿಸಿ, ಹಿಂಬದಿಯಲ್ಲಿ ದಪ್ಪಗೆ ಒಂದೊಂದು ಅಕ್ಷರ. ಪ್ರತಿ ಅಕ್ಷರಕ್ಕೂ ಎರಡು ಬಿಲ್ಲೆ, ಗ ಮತ್ತು ರ ಮೂರು ಇರಲಿ. ಹುಣಸೆ ಬೀಜ, ಸಣ್ಣ ಗುಂಡಿಯ ಮೇಲೆ ಬರೆಯುವುದು ಬೇಡ, ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದ್ದರೆ ಬಾಯಿಗೆ ಹಾಕಿಕೊಳ್ಳುತ್ತದೆ.

ಮೊದಲ ಆಟ ‘ಮರದಿಂದ ಮರಕ್ಕೆ’. ಎರಡು ಮನೆಯಲ್ಲಿ ಮ, ರ ಇಡಿ. ಒಂದು ಸಲಕ್ಕೆ ಒಂದೇ ಬಿಲ್ಲೆ ಬದಲಿಸಬೇಕು, ಪ್ರತಿ ಸಲವೂ ಅರ್ಥ ಇರುವ ಪದ ಆಗಬೇಕು. ಮರ, ಬರ, ಬನ, ಜನ, ಜಗ, ಮಗ, ಮತ್ತೆ ಮರ. ಮೊದಲ ದಿನ ನೀವೇ ಬದಲಿಸಿ, ಅವನು ಓದಲಿ. ಮೂರನೇ ದಿನಕ್ಕೆ ಅವನೇ ಕೈ ಹಾಕುತ್ತಾನೆ. ‘ಮರ’ ಓದಲಾಗದ ಹುಡುಗನಿಗೆ ‘ಮರ’ವನ್ನೇ ಹತ್ತು ಸಲ ಬರೆಸಿದರೆ ಆ ಪದದ ಚಿತ್ರ ಮಾತ್ರ ನೆನಪಿರುತ್ತದೆ. ಪಕ್ಕದ ‘ಬರ’ ಓದಲು ಆಗುವುದಿಲ್ಲ. ಒಂದು ಬಿಲ್ಲೆ ಎತ್ತಿ ಇನ್ನೊಂದು ಇಟ್ಟಾಗ ಬಾಯಲ್ಲಿ ಬದಲಾಗಿದ್ದು ಇಷ್ಟೇ ಅಂತ ಅವನ ಕಣ್ಣಿಗೇ ಕಾಣುತ್ತದೆ.

ಹತ್ತು ಅಕ್ಷರ ಗಟ್ಟಿಯಾದ ಮೇಲೆ ಮೊದಲ ನಿಜವಾದ ಪದಬಂಧ ಕೊಡಿ. ಅಡ್ಡಕ್ಕೆ ‘ನಗರ’, ಮೇಲಿನಿಂದ ಕೆಳಕ್ಕೆ ‘ಸಾಗರ’, ನಡುವಿನ ಗ ಎರಡಕ್ಕೂ ಒಂದೇ. ಕೂಡಿಸುವ ಚಿಹ್ನೆಯ ಹಾಗೆ ಐದು ಮನೆ. ಹೊಸದಾಗಿ ಬೇಕಾದ್ದು ‘ಸಾ’ ಒಂದೇ. ಸುಳಿವು ಬರೆಯಬೇಡಿ, ಬಾಯಲ್ಲೇ ಹೇಳಿ: ‘ಕೋಟೆ ನೋಡಲು ಹೋಗಿದ್ದೆವಲ್ಲ, ಆ ಊರು.’ ‘ಜೋಗಕ್ಕೆ ಹೋಗುವಾಗ ಯಾವ ಊರಲ್ಲಿ ಬಸ್ಸು ನಿಲ್ಲುತ್ತದೆ?’ ಮಾರನೇ ದಿನ ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಬಸ್ಸಿನ ಬೋರ್ಡಿನಲ್ಲಿ ಅದೇ ಪದ ಹುಡುಕಿಸಿ. ನನ್ನ ಮೊಮ್ಮಗಳು ‘ಸಾಗರ’ ಓದಿದ್ದು ಹಾಗೇ. ಕಂಡಕ್ಟರ್ ಕೂಗುವ ಮೊದಲೇ ಇವಳು ಕೂಗಿದಳು. ಆ ಬಸ್ಸು ನಮಗೆ ಬೇಕಾಗಿರಲಿಲ್ಲ, ಆದರೂ ಅಲ್ಲಿದ್ದ ಇಬ್ಬರು ಎದ್ದು ಹತ್ತಿದರು.

ಗುಣಿತಕ್ಕೆ ನನ್ನ ಹತ್ತಿರ ಇರುವ ಅತಿ ಒಳ್ಳೆಯ ಆಟ ‘ಳೆ’. ಕ ಕಾ ಕಿ ಕೀ ಅಂತ ರಾಗ ಎಳೆಸುವುದು ನನಗೆ ಯಾವತ್ತೂ ಸೇರುತ್ತಿರಲಿಲ್ಲ. ಎರಡು ಮನೆ ಬರೆಯಿರಿ. ಎರಡನೆಯದರಲ್ಲಿ ‘ಳೆ’ ಬಿಲ್ಲೆ ಇಟ್ಟುಬಿಡಿ, ಅದು ಅಲ್ಲಾಡಬಾರದು. ಮೊದಲ ಮನೆಗೆ ಮಾತ್ರ ಬಿಲ್ಲೆ ಬದಲಾಗುತ್ತಾ ಹೋಗಲಿ. ಬಳೆ, ಬಾಳೆ, ಬೆಳೆ, ಬೇಳೆ. ಅಕ್ಷರ ಅದೇ ಬ, ಬದಲಾಗಿದ್ದು ದೀರ್ಘ, ಏತ್ವ ಅಷ್ಟೇ. ಅಷ್ಟಕ್ಕೇ ಕೈಯ ಬಳೆ ಹೋಗಿ ತೋಟದ ಬಾಳೆ ಬಂತು! ಮಳೆ, ಮೂಳೆ, ಮೊಳೆ. ಹಳೆ, ಹಾಳೆ, ಹೊಳೆ. ಕಳೆ, ಕೊಳೆ. ನಾಳೆ. ನೋಡಿ, ನಮ್ಮ ಕಡೆಯ ಬದುಕೆಲ್ಲ ಈ ‘ಳೆ’ಯಲ್ಲೇ ಇದೆ. ಮಳೆ ಜಾಸ್ತಿ ಆದರೆ ಹೊಳೆ ಏರುತ್ತದೆ, ಅಡಿಕೆಗೆ ಕೊಳೆ ರೋಗ ಬರುತ್ತದೆ, ಗದ್ದೆಗೆ ಕಳೆ. ಕೊಳೆ ಅಂದರೆ ಏನು ಅಂತ ನಿಮ್ಮ ಮಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಔಷಧಿ ಹೊಡೆಸುವ ಗಡಿಬಿಡಿ ಕಂಡೇ ಇರುತ್ತಾನೆ. ಹಾಳೆ ಬಂದಾಗ ನಿಲ್ಲಿಸಿ ಕೇಳಿ, ಯಾವ ಹಾಳೆ? ಪುಸ್ತಕದ್ದೋ, ಅಡಿಕೆ ಮರದ್ದೋ? ಒಂದೇ ಪದಕ್ಕೆ ಎರಡು ಸುಳಿವು ಅಂತ ಅವನಿಗೆ ಹೊಳೆದ ದಿನ ಅವನೂ ನಮ್ಮ ಗುಂಪಿನವನೇ.

ಬಿಲ್ಲೆ ಇಲ್ಲದೆ, ದಾರಿ ನಡೆಯುವಾಗ ಆಡಲು ಕೊನೆಯ ಅಕ್ಷರ ಹಿಡಿಯುವ ಆಟ ಸಾಕು. ಅಡಿಕೆ, ಕೆರೆ, ರೆಕ್ಕೆ. ಇಲ್ಲಿ ಜಗಳ ಬರುತ್ತದೆ. ಕೊನೆಯ ಮನೆಯಲ್ಲಿ ಇರುವುದು ‘ಕ್ಕೆ’, ಅದರಿಂದ ಯಾವ ಪದ ಶುರುವಾಗುತ್ತದೆ? ಒತ್ತು ಬಿಟ್ಟು ‘ಕೆ’ ತಗೊಳ್ಳಬಹುದು ಅಂತ ನಮ್ಮ ಮನೆಯ ಕಾನೂನು. ಕೆಸು, ಸುಣ್ಣ. ಮುಗಿಯಿತು! ‘ಣ’ದಿಂದ ಶುರುವಾಗುವ ಕನ್ನಡ ಪದ ಇಲ್ಲ, ‘ಳ’ದಿಂದಲೂ ಇಲ್ಲ. ಇದನ್ನು ಒಂದು ಸಲ ಕಂಡುಕೊಂಡ ಮೇಲೆ ನನ್ನ ಮೊಮ್ಮಗಳು ಹಳ್ಳ, ಕಳ್ಳ, ಬಣ್ಣ, ಅಣ್ಣ ಅಂತಲೇ ಹುಡುಕಿ ಹುಡುಕಿ ನನ್ನನ್ನು ಸೋಲಿಸುತ್ತಾಳೆ. ಸೋಲಿ, ಪರವಾಗಿಲ್ಲ. ಸಿಕ್ಕಿದ ಪದದ ಕೊನೆಯ ಮನೆಯಲ್ಲಿ ಏನಿದೆ ಅಂತ ಆ ಮಗು ತಲೆಯೊಳಗೇ ನೋಡುತ್ತಿದೆ ಅಲ್ವಾ, ನಮಗೆ ಬೇಕಾಗಿದ್ದು ಅದೇ. ತಿರುಗಿಸಿ ಓದುವುದೂ ಹಾಗೇ: ಕಿಟಕಿ, ಚಮಚ, ಗುಡುಗು. ಹಿಂದಿನಿಂದ ಓದಿದರೂ ಅದೇ. ಗುಡುಗಿದಾಗಲೆಲ್ಲ ಇವಳಿಗೆ ಈಗ ಹೆದರಿಕೆಯ ಬದಲು ಇದು ನೆನಪಾಗುತ್ತದೆ.

ಒತ್ತಕ್ಷರಕ್ಕೆ ಒಂದೇ ಮಾತು. ಜಾಸ್ತಿ ಒತ್ತುಗಳು ತಲೆಕಟ್ಟು ಬಿಟ್ಟ ಅದೇ ಅಕ್ಷರದ ಹಾಗೆ ಕಾಣುತ್ತವೆ. ತ, ನ, ಮ, ಯ, ರ, ಲ ಈ ಆರು ಮಾತ್ರ ವೇಷ ಬದಲಿಸುತ್ತವೆ. ಹಾಗಾಗಿ ಅಕ್ಕ, ಅಪ್ಪ, ಹಗ್ಗ, ಬೆಟ್ಟ ಮೊದಲು, ಅಮ್ಮ, ಅತ್ತೆ, ಅನ್ನ, ಹಲ್ಲು ಆಮೇಲೆ. ಅಮ್ಮ ಕಷ್ಟದ ಅಕ್ಷರ ಅಂತ ಬೇಜಾರು ಮಾಡಿಕೊಳ್ಳಬೇಡಿ. ‘ತೀರ್ಥಹಳ್ಳಿ’ಯ ಅರ್ಕಾವೊತ್ತು ಎಲ್ಲಕ್ಕಿಂತ ಕೊನೆಗೆ, ಬಾಯಲ್ಲಿ ಮೊದಲು ಬರುವ ‘ರ್’ ಬರೆಯುವಾಗ ಥ ಆದ ಮೇಲೆ ಬರುತ್ತದೆ, ದೊಡ್ಡವರೇ ತಪ್ಪುತ್ತಾರೆ. ‘ಬದ್ರಾವತಿ’ ಅಂತ ಬರೆದರೂ ಈ ವರ್ಷ ಬಿಟ್ಟುಬಿಡಿ, ಮಹಾಪ್ರಾಣ ಎರಡನೇ ಕ್ಲಾಸಿನಲ್ಲಿ ತಿದ್ದಬಹುದು.

ಮನೆಯಲ್ಲಿ ಬೆಳಿಗ್ಗೆ ಅಡಿಕೆ ರೇಟು ಓದುವವರು ಯಾರಾದರೂ ಇರುತ್ತಾರೆ. ಮಗನನ್ನು ಅವರ ಪಕ್ಕ ಕೂರಿಸಿ. ಶಿವಮೊಗ್ಗ ಮಾರುಕಟ್ಟೆಯ ಸಾಲಿನಲ್ಲಿ ಸರಕು, ಗೊರಬಲು, ರಾಶಿ ಇಡಿ, ಬೆಟ್ಟೆ ಅಂತ ಅಡಿಕೆಯ ಬಗೆಗಳ ಹೆಸರು ಇರುತ್ತದೆ. ಬೆಟ್ಟೆ ಒಂದು ಬಿಟ್ಟರೆ ಒತ್ತೇ ಇಲ್ಲ. ದಿನಾ ಅದೇ ಪದ, ಅದೇ ಜಾಗ, ಅಂಕಿ ಮಾತ್ರ ಬೇರೆ. ಅಜ್ಜನಿಗೆ ಕನ್ನಡಕ ಸಿಗದ ದಿನ ಅವನೇ ಓದಿ ಹೇಳಲಿ. ನನ್ನ ಕ್ಲಾಸಿನಲ್ಲಿದ್ದ ಒಬ್ಬ ಹುಡುಗ ಪಾಠದ ಪುಸ್ತಕದಲ್ಲಿ ತೊದಲುತ್ತಿದ್ದ, ‘ಗೊರಬಲು’ ಮಾತ್ರ ಸರಾಗ ಓದುತ್ತಿದ್ದ. ಅಲ್ಲಿಂದ ಬಲು, ಹೊರಗೆ, ಬರಲು ಅಂತ ಬೇರೆ ಪದ ಹಿಡಿದು ಮೇಲೆ ತಂದೆ.

ಇನ್ನು ಪುಸ್ತಕದ ವಿಷಯ. ಹಿಂದಿನ ವರ್ಷ ನಾನೂ ಒಂದು ತರಿಸಿ ಪೆಟ್ಟು ತಿಂದೆ. ಪದ ಹುಡುಕುವ ಆಟದ ಪುಸ್ತಕ, ಬಣ್ಣ ಚೆನ್ನಾಗಿತ್ತು. ಬಿಡಿಸಿ ನೋಡಿದರೆ ಒಂದು ಮನೆಯಲ್ಲಿ ‘ಕ’, ಪಕ್ಕದ ಮನೆಯಲ್ಲಿ ಬರೀ ಏತ್ವ, ಚುಕ್ಕಿಯ ಉಂಗುರಕ್ಕೆ ನೇತು ಹಾಕಿದ ಹಾಗೆ. ಅಡಿಕೆ ಐದು ಮನೆ ಆಗಿತ್ತು! ಕಂಪ್ಯೂಟರಿನೊಳಗೆ ‘ಕೆ’ ಅನ್ನುವುದು ಕ ಮತ್ತು ಏತ್ವ ಅಂತ ಎರಡು ತುಂಡು, ‘ಶ್ರೀ’ ನಾಲ್ಕು ತುಂಡು. ಇಂಗ್ಲಿಷಿಗೆ ಮಾಡಿದ ಸಾಫ್ಟ್‌ವೇರಿಗೆ ಕನ್ನಡ ತುಂಬಿಸಿದರೆ ತುಂಡು ತುಂಡಾಗಿಯೇ ಹೊರಗೆ ಬರುತ್ತದೆ. ಇಂಥದ್ದು ಫೋನಿನಲ್ಲೂ ಓಡಾಡುತ್ತಿದೆ. ಪ್ರಿಂಟ್ ತೆಗೆಸುವ ಮೊದಲು ಒತ್ತಕ್ಷರ ಇರುವ ಒಂದು ಪದ ಹುಡುಕಿ ನೋಡಿ. ಮನೆ ಒಡೆದಿದ್ದರೆ ಮಗುವಿನ ಕೈಗೆ ಕೊಡಬೇಡಿ, ಇಷ್ಟು ದಿನ ಕಲಿಸಿದ್ದೂ ಕೆಡುತ್ತದೆ.

ಪದ ಹುಡುಕುವ ಆಟ ನೀವೇ ಮಾಡಿ. ಅಡ್ಡ ನಾಲ್ಕು, ಉದ್ದ ನಾಲ್ಕು ಮನೆ ಸಾಕು. ಪದಗಳು ಎಡದಿಂದ ಬಲಕ್ಕೆ ಮಾತ್ರ, ಓರೆ ಬೇಡ. ಖಾಲಿ ಮನೆಗೆ ಅವನಿಗೆ ಗೊತ್ತಿರುವ ಅಕ್ಷರವನ್ನೇ ತುಂಬಿ, ಙ ಞ ತುಂಬಿ ಹೆದರಿಸಬೇಡಿ. ನೋಡಲು ಒಂದೇ ತರ ಕಾಣುವ ನ ಮತ್ತು ಸ, ಪ ಮತ್ತು ವ ಒಟ್ಟಿಗೆ ಬರುವುದೂ ಮೊದಲ ತಿಂಗಳು ಬೇಡ. ಸಿಕ್ಕಿದ ಪದವನ್ನು ಗಟ್ಟಿಯಾಗಿ ಓದಿದರೆ ಮಾತ್ರ ಸುತ್ತು ಹಾಕಲು ಬಿಡಿ. ಇಲ್ಲದಿದ್ದರೆ ಮಕ್ಕಳು ಜಾಣರು, ಆಕಾರ ಹೊಂದಿಸಿ ಎಲ್ಲ ಸುತ್ತಿಬಿಡುತ್ತಾರೆ, ಒಂದೂ ಓದಿರುವುದಿಲ್ಲ.

ದಿನಕ್ಕೆ ಹತ್ತು ನಿಮಿಷ. ಅವನು ಇನ್ನೊಂದು ಬೇಕು ಅನ್ನುವಾಗಲೇ ಎತ್ತಿಡಿ. ಎರಡನೇ ಕ್ಲಾಸು ಮುಗಿಯುವ ಹೊತ್ತಿಗೂ ಸರಳ ಪದ ಕೂಡದಿದ್ದರೆ ಮೊದಲು ಕಣ್ಣು, ಕಿವಿ ತೋರಿಸಿ, ಟೀಚರ್ ಹತ್ತಿರ ಮಾತಾಡಿ. ಈಗಲೇ ಗಾಬರಿ ಬೇಡ.

ನಾಳೆ ಮಳೆ ರಜೆ ಕೊಟ್ಟರೆ ‘ಳೆ’ ಆಟ ಶುರು ಮಾಡಿ, ಎಷ್ಟು ಪದ ಕಟ್ಟಿದ ಅಂತ ಇಲ್ಲೇ ಬರೆಯಿರಿ. ನಮ್ಮ ಮನೆಯ ಲೆಕ್ಕ 15. ಮೊಮ್ಮಗಳು 16 ಅನ್ನುತ್ತಾಳೆ, ಚೇಳು ಹೆಣ್ಣಾದರೆ ‘ಚೇಳೆ’ ಅಂತೆ. ನಾನಿನ್ನೂ ಒಪ್ಪಿಲ್ಲ.