ಒಮ್ಮೆ ಉಳುಕಿದ ಪಾದ ಮತ್ತೆ ಮತ್ತೆ ಉಳುಕುವುದೇಕೆ?

ಉಳುಕಿದಾಗ ಹರಿದ ಲಿಗಮೆಂಟ್, ಅಂದರೆ ಮೂಳೆಗಳನ್ನು ಬಿಗಿದಿಡುವ ಪಟ್ಟಿ, ಕೂಡಿಕೊಂಡರೂ, ಪಾದ ಎತ್ತ ವಾಲಿದೆ ಎಂಬುದನ್ನು ತಿಳಿಸುವ ಅಲ್ಲಿನ ನರತುದಿಗಳ ಚುರುಕು ಹಲವು ಬಾರಿ ತಾನಾಗಿ ಮರಳುವುದಿಲ್ಲ.

ಸಾಮಾನ್ಯವಾಗಿ ಪಾದ ಒಳಕ್ಕೆ ಹೊರಳಿ, ಹೊರಬದಿಯ ಗಂಟಿನ ಮುಂದಿರುವ ಲಿಗಮೆಂಟಿಗೆ ಪೆಟ್ಟಾಗುತ್ತದೆ. ಆರೋಗ್ಯವಾಗಿರುವ ಕಾಲಿನಲ್ಲಿ, ಕಲ್ಲಿನ ಅಂಚಿನ ಮೇಲೆ ಹೆಜ್ಜೆ ಓರೆಯಾದ ಕೂಡಲೇ ಕಣಕಾಲಿನ ಹೊರಬದಿಯ ಸ್ನಾಯುಗಳು ಪಾದವನ್ನು ಎಳೆದು ನೆಟ್ಟಗಾಗಿಸುತ್ತವೆ. ಸೂಚನೆ ತಡವಾದರೆ ಆ ಎಳೆತವೂ ತಡವಾಗಿ, ಅಷ್ಟರಲ್ಲಿ ಮೈಭಾರವೆಲ್ಲ ಹೊರಳಿದ ಪಾದದ ಮೇಲೆ ಬಿದ್ದಿರುತ್ತದೆ.

ಆದ್ದರಿಂದ ಊತ ಇಳಿದೊಡನೆ ಚಿಕಿತ್ಸೆ ಮುಗಿಯಿತೆಂದು ಭಾವಿಸದೆ, ಹಲ್ಲುಜ್ಜುವಾಗ ಗೋಡೆಯ ಪಕ್ಕದಲ್ಲಿ ಒಂಟಿಕಾಲಿನಲ್ಲಿ 30 ಸೆಕೆಂಡು ನಿಲ್ಲುವುದನ್ನೂ, ಅದು ಸಲೀಸಾದ ಮೇಲೆ ಮಡಿಸಿದ ಕಂಬಳಿಯ ಮೇಲೆ ನಿಲ್ಲುವುದನ್ನೂ ಕೆಲವು ವಾರ ಬಿಡದೆ ಅಭ್ಯಾಸ ಮಾಡಬೇಕು. ಉಳುಕು ತೆಗೆಸುವುದೆಂದು ಮೊದಲ ದಿನವೇ ಎಣ್ಣೆ ಹಚ್ಚಿ ಬಲವಾಗಿ ನೀವಿಸಿಕೊಳ್ಳುವುದು ನನ್ನ ಮಟ್ಟಿಗೆ ಕೆಟ್ಟ ರೂಢಿ, ಏಕೆಂದರೆ ಒಳಗಿನ ರಕ್ತಸ್ರಾವವೂ ಊತವೂ ಹೆಚ್ಚಬಹುದು.

ಪೆಟ್ಟಾದ ಬಳಿಕ 4 ಹೆಜ್ಜೆಯೂ ಇಡಲಾಗದಿದ್ದರೆ, ಅಥವಾ ಗಂಟಿನ ಮೂಳೆಯ ಹಿಂಬದಿಯ ಅಂಚನ್ನು ಒತ್ತಿದಾಗ ನೋವಾದರೆ, ಎಕ್ಸ್‌ರೇ ತೆಗೆಸಬೇಕು. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮಗಳ ತಿರುಳು ಇದೇ.